ಕಾಕಾ ಅಂತ ಕರೆದ ಮಗಳು

ಒಟ್ಟು ಎಪ್ಪತ್ತೆಂಟು ಸಾವಿರ ರೂಪಾಯಿ ಬಿತ್ತು. ಕೇಳಿದ್ದು ತೊಂಬತ್ತು; ಹನ್ನೆರಡು ಸಾವಿರ ನಾನು ಕಡಿಮೆ ಮಾಡಿಸಿದೆ. ಮಾತಾಡುವ ಒಂದು ಮಷಿನ್ನಿಗೆ ಅಷ್ಟು ಯಾಕೆ ಸುರಿದೆ ಎಂದು ಬಳಗದವರು ಈಗಲೂ ಕೇಳುತ್ತಾರೆ. ಕಾರಣ ಒಂದೇ. ನನ್ನ ಹೆಂಡತಿಗೆ ಮರೆವಿನ ರೋಗ ಬಂದಿತ್ತು. ಇವತ್ತಲ್ಲ ನಾಳೆ ಅವಳು ನಮ್ಮ ಒಬ್ಬಳೇ ಮಗಳ ಮುಖ ನೋಡಿ "ನೀ ಯಾರವಾ?" ಎಂದು ಕೇಳುವುದಿತ್ತು. ಆ ಮಾತು ಮಗಳ ಕಿವಿಗೆ ಬೀಳಬಾರದು ಎಂದು ನಾನು ಹಟ ಹಿಡಿದೆ. ಮಗಳು ಗೇಟಿನಿಂದ ಬಾಗಿಲಿಗೆ ಬರುವಷ್ಟರಲ್ಲಿ ಇವಳು ಮಷಿನ್ನನ್ನು ಕೇಳಿಕೊಳ್ಳಬೇಕು, ಅದು ಯಾರೆಂದು ಹೇಳಬೇಕು, ಮಗಳು ಒಳಗೆ ಕಾಲಿಟ್ಟಾಗ ಇವಳು ನಗುತ್ತ "ಬಾರವಾ" ಎನ್ನಬೇಕು. ನನಗೆ ಬೇಕಾಗಿದ್ದು ಇಷ್ಟೇ.

ನನ್ನ ದಂಧೆ ಹಳೆಯ ಮಷಿನ್ನುಗಳದು. ಕಾರ್ಖಾನೆ ಮುಚ್ಚಿದವರ ಹತ್ತಿರ, ಹೊಸದು ತರುವವರ ಹತ್ತಿರ ಲೇತ್, ಡ್ರಿಲ್ಲಿಂಗ್ ಮಷಿನ್ ಕೊಂಡು, ರಿಪೇರಿ ಮಾಡಿಸಿ ಮಾರುವುದು. ಲಕಮನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಮಷಿನ್ ಒರೆಸುವ ಕೆಲಸಕ್ಕೆ ಸೇರಿದವನು ನಾನು. ಯಾರೂ ಕೈ ಹಿಡಿದು ಕಲಿಸಲಿಲ್ಲ. ಕಲಿತದ್ದರಲ್ಲಿ ಒಂದು ಹೇಳುತ್ತೇನೆ. ಕೊಟೇಶನ್ನನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಮೇಲಿನ ಸಾಲುಗಳಲ್ಲಿ ಮಾಲಿನ ದರ ಇರುತ್ತದೆ, ಅದು ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ. ಕೆಳಗಿನ ಸಾಲುಗಳಲ್ಲಿ ಪ್ಯಾಕಿಂಗ್, ಸಾಗಾಟ, ತಪಾಸಣೆ ಅಂತ ಬರೆದಿರುತ್ತಾರೆ. ಅಲ್ಲಿ ಗೆರೆ ಹೊಡೆಯಬೇಕು. ತಪಾಸಣೆಗೆ ನಾನು ಜೀವನದಲ್ಲಿ ಯಾರಿಗೂ ಒಂದು ರೂಪಾಯಿ ಕೊಟ್ಟವನಲ್ಲ. ಲೇತ್ ಚಾಲೂ ಮಾಡಿಸಿ, ಕಣ್ಣು ಮುಚ್ಚಿ ಸದ್ದು ಕೇಳಿದರೆ ಬೇರಿಂಗ್ ಎಷ್ಟು ಸವೆದಿದೆ ಎಂದು ನನಗೆ ತಿಳಿಯುತ್ತಿತ್ತು.

ನನ್ನ ಹೆಂಡತಿಯ ಕಿವಿ ಬೇರೆ ತರಹದ್ದು. ಅವಳಿಗೆ ಮನುಷ್ಯರ ಸಂಬಂಧಗಳು ಕೇಳಿಸುತ್ತಿದ್ದವು. ಧಾರವಾಡಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದ ಹೆಂಗಸನ್ನು "ಯಾವೂರವ್ರಿ?" ಎಂದು ಶುರುಮಾಡಿದರೆ ನವಲೂರು ಬರುವಷ್ಟರಲ್ಲಿ ಆ ಹೆಂಗಸು ನಮಗೆ ಬೀಗರ ಪೈಕಿ ಆಗಿರುತ್ತಿದ್ದಳು. "ಹಂಗಾರ ನಿಮ್ಮ ಸ್ವಾದರಮಾವನ ಸೊಸಿ ನಮ್ಮ ಅತ್ತಿ ತಂಗಿಗೆ ಮಮ್ಮಗಳಾಗಬೇಕು ನೋಡ್ರಿ" ಎಂದು ಎರಡು ಬೆರಳು ಜೋಡಿಸಿ ತೋರಿಸುತ್ತಿದ್ದಳು. ಲಗ್ನದ ಮನೆಗಳಲ್ಲಿ ಆಹೇರಿಯ ಉಡುಗೊರೆ ಕೊಡುವಾಗ ಯಾರಿಗೆ ಯಾವ ಸೀರೆ, ಯಾರು ಮೊದಲು, ಯಾರು ಆಮೇಲೆ ಎಂದು ಇವಳನ್ನು ಕರೆದು ಪಕ್ಕದಲ್ಲಿ ಕೂಡಿಸಿಕೊಳ್ಳುತ್ತಿದ್ದರು.

ಮರೆವು ಅವಳನ್ನು ಅಲ್ಲಿಂದಲೇ ಹಿಡಿಯಿತು. ಒಂದು ಸೀಮಂತದಲ್ಲಿ ತನ್ನ ತಮ್ಮನ ಹೆಂಡತಿಯನ್ನೇ "ಯಾವೂರವ್ರಿ?" ಎಂದು ಕೇಳಿದಳು. ಎಲ್ಲರೂ ಚೇಷ್ಟೆ ಎಂದುಕೊಂಡು ನಕ್ಕರು. ಮನೆಗೆ ಬಂದ ಮೇಲೆ ಅವಳು "ಅವರೆಲ್ಲಾ ಯಾಕ ನಕ್ಕರ್ರೀ?" ಎಂದು ನನ್ನನ್ನು ಕೇಳಿದಳು. ಸತ್ತೂರಿನ ದವಾಖಾನೆಯ ಡಾಕ್ಟರು ತಲೆಯ ಫೋಟೋ ತೆಗೆಸಿ, ಇದು ಹಿಂದಕ್ಕೆ ಹೋಗುವ ರೋಗವಲ್ಲ, ನಿಧಾನಕ್ಕೆ ಮುಂದಕ್ಕೇ ಹೋಗುತ್ತದೆ ಎಂದರು. ನಾನು ಅಲ್ಲಿಯೂ ಚೌಕಾಶಿ ಮಾಡಿದೆ. "ಎಷ್ಟು ವರ್ಷ ತಡಿಬಹುದ್ರಿ ಡಾಕ್ಟರ್? ಐದು? ನಾಕು?" ಡಾಕ್ಟರು ಪೆನ್ನಿನ ಟೋಪಿ ಹಾಕಿದರು.

ಮಗಳ ವಿಷಯ ಇಲ್ಲಿ ಹೇಳಬೇಕು. ಅದು ತಿಳಿಯದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಮದುವೆಯಾಗಿ ಹನ್ನೊಂದು ವರ್ಷ ನಮಗೆ ಮಕ್ಕಳಿರಲಿಲ್ಲ. ಆಗ ಹಳೇ ಹುಬ್ಬಳ್ಳಿಯಲ್ಲಿ ಕೂಡುಮನೆ. ನನ್ನ ಅಣ್ಣ, ಅವನ ಹೆಂಡತಿ ಅಂದರೆ ನನ್ನ ವೈನಿ, ಅವರ ಇಬ್ಬರು ಗಂಡುಮಕ್ಕಳು, ನಾವಿಬ್ಬರು. ವೈನಿ ನನ್ನ ಹೆಂಡತಿಗೆ ನೆಗೆಣ್ಣಿ. ಒಳ್ಳೆಯ ಹೆಂಗಸೇ, ಆದರೂ ಬಾಯಿಯಿಂದ ಒಮ್ಮೊಮ್ಮೆ "ಮಕ್ಕಳಿಲ್ಲದಾಕಿಗೆ ಏನ್ ಗೊತ್ತಾಗತೈತಿ" ಎಂದು ಜಾರಿಬಿಡುತ್ತಿತ್ತು. ಆ ಮಾತು ಬಂದ ದಿನ ನನ್ನ ಹೆಂಡತಿ ರೊಟ್ಟಿಯನ್ನು ಬಹಳ ಜೋರಾಗಿ ಬಡಿಯುತ್ತಿದ್ದಳು. ಹನ್ನೆರಡನೆಯ ವರ್ಷ ಮಗಳು ಹುಟ್ಟಿದಳು. ಮನೆಯಲ್ಲಿ ದೊಡ್ಡ ಹುಡುಗರು ನನಗೆ ಕಾಕಾ ಅನ್ನುತ್ತಿದ್ದರು, ನನ್ನ ಹೆಂಡತಿಗೆ ಕಾಕು ಅನ್ನುತ್ತಿದ್ದರು, ವೈನಿಗೆ ಅವ್ವ ಅನ್ನುತ್ತಿದ್ದರು. ನಮ್ಮ ಕೂಸು ಅದನ್ನೇ ಕೇಳಿಸಿಕೊಂಡು ಅದನ್ನೇ ಕಲಿಯಿತು. ಹೆತ್ತವಳು ಕಾಕು, ಹುಟ್ಟಿಸಿದವನು ಕಾಕಾ, ದೊಡ್ಡವ್ವ ಅವ್ವ. ನಮ್ಮ ಕಡೆಯ ಕೂಡುಮನೆಗಳಲ್ಲಿ ಇದು ಹೊಸದಲ್ಲ. ಸ್ವಂತ ತಾಯಿಯನ್ನು ವೈನಿ ಎಂದು ಕರೆಯುತ್ತಲೇ ಮುದುಕರಾದವರನ್ನು ನಾನು ಬಲ್ಲೆ. ಯಾರೂ ತಿದ್ದುವುದಿಲ್ಲ.

ನನ್ನ ಹೆಂಡತಿ ಒಮ್ಮೆ ತಿದ್ದಲು ನೋಡಿದ್ದಳು. ಮಗಳಿಗೆ ಮೂರು ವರ್ಷವಿದ್ದಾಗ ಶೇಂಗಾದ ಉಂಡಿ ಕೈಯಲ್ಲಿ ಎತ್ತಿ ಹಿಡಿದು "ಅವ್ವ ಅನ್ನು, ಕೊಡ್ತೇನಿ" ಎಂದಳು. ಕೂಸು ಎರಡೂ ಕೈ ಚಾಚಿ "ಕಾಕೂ, ಕೊಡ ಲಗೂ" ಎಂದಿತು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವಳೂ ನಕ್ಕಳು, ಉಂಡಿ ಕೊಟ್ಟಳು. ಅವತ್ತು ಊಟಕ್ಕೆ ಕೂತಾಗ "ಒಮ್ಮ್ಯಾರ ಅವ್ವ ಅಂತಾಳಂದ್ರ ಅನ್ನಲಿಲ್ಲ ನೋಡ್ರಿ" ಎಂದಳು. ನಾನು ತಟ್ಟೆಯಿಂದ ತಲೆಯೆತ್ತದೆ "ಕರಿಯೂದರಾಗ ಏನೈತಿ ಬಿಡ, ಮಗಳಂತೂ ನಿನ್ನಾಕಿ ಹೌದಲ್ಲ" ಎಂದೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಮುಂದೆ ನಾವು ಬೈರಿದೇವರಕೊಪ್ಪದಲ್ಲಿ ಬೇರೆ ಮನೆ ಕಟ್ಟಿ ಬಂದೆವು, ಅಣ್ಣ, ವೈನಿ ಇಬ್ಬರೂ ತೀರಿಕೊಂಡರು, ಮಗಳು ಮದುವೆಯಾಗಿ ಧಾರವಾಡದಲ್ಲಿ ಹೈಸ್ಕೂಲ್ ಟೀಚರಾದಳು. ಕರೆಯುವುದು ಮಾತ್ರ ಹಾಗೇ ಉಳಿಯಿತು.

ಶನಿವಾರ ಮುಂಜಾನೆಯ ಶಾಲೆ ಮುಗಿಸಿ ಅವಳು ಚಿಗರಿ ಬಸ್ ಹತ್ತಿ ನಮ್ಮಲ್ಲಿಗೆ ಬರುತ್ತಾಳೆ. ತಾಯಿಗೆ ತಲೆ ಬಾಚುತ್ತಾಳೆ, ಉಗುರು ತೆಗೆಯುತ್ತಾಳೆ.

ಮಷಿನ್ ಮಾಡಿಕೊಟ್ಟವಳು ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಹುಡುಗಿ. ಅವಳ ತಂದೆ ಸರಕಾರಿ ನೌಕರಿಯಿಂದ ನಿವೃತ್ತರಾದವರು, ಅವರಿಂದಲೇ ಪರಿಚಯ. ಅವರ ಮನೆಯ ಪಡಸಾಲೆಯಲ್ಲಿ ಬುದ್ಧನ ಪಟದ ಕೆಳಗೆ ಕೂತು ಮಾತು ಶುರುವಾಯಿತು. ನನಗೆ ಗೊತ್ತಿದ್ದದ್ದು ಇಷ್ಟು: ಫೋನಿನಲ್ಲಿ ಎಐ ಇದೆ, ಏನು ಕೇಳಿದರೂ ಹೇಳುತ್ತದೆ.

"ಹಂಗ ಬರೇ ಎಐ ಹಚ್ಚಿದ್ರ ನಡಿಯೂದಿಲ್ರಿ ಕಾಕಾ" ಎಂದಳು. ನಮ್ಮಲ್ಲಿ ಹಿರಿಯ ಗಂಡಸರಿಗೆಲ್ಲ ಕಾಕಾ ಅನ್ನುತ್ತಾರೆ, ಅವಳೂ ಹಾಗೇ ಅಂದಳು. "ಅದು ಮಾತು ಭಾಳ ಛಲೋ ಆಡತೈತಿ. ಆದರ ಗೊತ್ತಿಲ್ಲದ್ದನ್ನೂ ಗೊತ್ತಿದ್ದಂಗ ಹೇಳಿಬಿಡತೈತಿ. ನಿಮ್ಮ ಮನಿ ಮಂದಿ ವಿಷಯ ಅದಕ್ಕೇನ್ ಗೊತ್ತು?"

"ನಮ್ಮ ಮಾರ್ಕೆಟ್ಟಿನ ಏಜೆಂಟ್ ಇದ್ದಂಗ ಅನ್ನು" ಎಂದೆ.

"ಹಂಗ ಅನಕೋರ್ರಿ" ಎಂದು ನಕ್ಕಳು. "ಅದಕ್ಕ ಬೆನ್ನಿಗೆ ಒಂದು ನಕ್ಷಾ ಕೊಡಬೇಕ್ರಿ. ನಾಲೆಜ್ ಗ್ರಾಫ್ ಅಂತಾರ. ನಿಮ್ಮ ಮನಿ ಒಬ್ಬೊಬ್ಬರಿಗೂ ಒಂದೊಂದು ಚುಕ್ಕಿ. ಚುಕ್ಕಿಯಿಂದ ಚುಕ್ಕಿಗೆ ಗೆರಿ. ಗೆರಿ ಮ್ಯಾಲೆ ಬರದಿರತೈತಿ: ಈಕಿ ಈತನ ಮಗಳು, ಈತ ಆಕಿ ತಮ್ಮ. ನಿಮ್ಮ ಮನಿ ಅಕ್ಕಾರು ಏನರ ಕೇಳಿದ್ರ ಎಐ ಆ ನಕ್ಷಾ ನೋಡಿಕೊಂಡು ಹೇಳಬೇಕು, ತನ್ನ ತಲಿಯಿಂದ ಹೇಳಂಗಿಲ್ಲ. ಸಂಗತಿ ನಕ್ಷಾದ್ದು, ಮಾತಷ್ಟ ಎಐದು."

ನನಗೆ ಇದು ಹಿಡಿಸಿತು. ಅವಳು ಇನ್ನೂ ಹೇಳಿದಳು. ಒಬ್ಬ ಮನುಷ್ಯನಿಗೆ ಹತ್ತು ಹೆಸರಿರಬಹುದು, ಆದರೆ ಅವನ ಚುಕ್ಕಿ ಒಂದೇ. ಅದಕ್ಕೊಂದು ಕಾಯಂ ವಿಳಾಸವಿರುತ್ತದೆ. ಇಂಟರ್ನೆಟ್ಟನ್ನೇ ಹೀಗೆ ಅರ್ಥವಾಗುವ ಗೆರೆಗಳಿಂದ ಜೋಡಿಸಬೇಕೆಂದು ಬಹಳ ಮಂದಿ ಬಹಳ ದಿನಗಳಿಂದ ಕೂತಿದ್ದಾರಂತೆ. ಜೊತೆಗೆ ಕೆಲವು ನಿಯಮ ಬರೆದಿಟ್ಟರೆ ಹೇಳದ ಸಂಬಂಧವನ್ನೂ ಅದು ತಾನೇ ಲೆಕ್ಕ ಹಾಕುತ್ತದೆ: ಅಪ್ಪನ ತಮ್ಮ ಅಂದರೆ ಕಾಕಾ, ಕಾಕಾನ ಹೆಂಡತಿ ಅಂದರೆ ಕಾಕು. ನನ್ನ ಹೆಂಡತಿ ಬಸ್ಸಿನಲ್ಲಿ ಎರಡು ಬೆರಳು ಜೋಡಿಸಿ ಮಾಡುತ್ತಿದ್ದ ಕೆಲಸವನ್ನೇ ಈ ಹುಡುಗಿ ಮಷಿನ್ನಿಗೆ ಕಲಿಸಹೊರಟಿದ್ದಾಳೆ ಅನ್ನಿಸಿತು. ಅದನ್ನು ತೋರಗೊಡದೆ ಕೊಟೇಶನ್ ಕೇಳಿದೆ.

ಕೆಳಗಿನಿಂದ ಓದಿದೆ. ಕೊನೆಯ ಸಾಲು: ಗೆರೆಗಳ ಪರಿಶೀಲನೆ, ಹನ್ನೆರಡು ಸಾವಿರ.

"ಇದೇನಿದು?"

"ನೀವು ಕೊಡೂ ರೆಕಾರ್ಡಿಂಗು, ಫೋಟೋ ಎಲ್ಲಾ ಕೇಳಿ, ನೋಡಿ ಗೆರಿ ಎಳಿಯೂದು ಎಐನ ರೀ. ಅದು ತಪ್ಪತೈತಿ. ಅದಕ್ಕ ನಾ ನಿಮ್ಮ ಮನ್ಯಾಗ ಇಬ್ಬರನ್ನ ಕೂಡ್ರಿಸಿಕೊಂಡು ಒಂದೊಂದು ಗೆರಿನೂ ಕೇಳಬೇಕು. ಎಂಟು ಹತ್ತು ದಿನದ ಕೆಲಸ."

"ನಮ್ಮ ಮನಿ ಮಂದಿ ನಮಗ ಗೊತ್ತಿಲ್ಲೇನವಾ? ತಪಾಸಣಿ ನಾ ಮಾಡ್ತೇನಿ. ಇದನ್ನ ಹೊಡಿ."

"ಕಾಕಾ, ಇದೊಂದು ಬಿಡಬ್ಯಾಡ್ರಿ. ಬೇಕಾರ ಮ್ಯಾಲಿಂದರಾಗ ಒಂದೀಟು ಬಿಡ್ತೇನಿ."

ಮೇಲಿನದರಲ್ಲಿ ಬಿಡುತ್ತೇನೆ ಎಂದು ಮಾರುವವರು ತಾವಾಗಿ ಅಂದರೆ, ಕೆಳಗಿನದರಲ್ಲೇ ಅವರ ಲಾಭವಿದೆ ಎಂದು ನನ್ನ ಅನುಭವ. ನಾನೇ ಪೆನ್ನು ತೆಗೆದು ಗೆರೆ ಹೊಡೆದೆ.

ರೆಕಾರ್ಡಿಂಗ್ ಮಾಡಿಕೊಟ್ಟವಳು ಹೆಚ್ಚಾಗಿ ಮಗಳೇ. ಮೂರು ರವಿವಾರ ಫೋನ್ ಮುಂದಿಟ್ಟುಕೊಂಡು ಬಾಲ್ಯದ ಮಾತೆಲ್ಲ ಹೇಳಿದಳು. ಎಲ್ಲರ ಹೆಸರು ಹೇಳುತ್ತಿದ್ದಳು, ನನ್ನನ್ನು, ತಾಯಿಯನ್ನು, ವೈನಿಯನ್ನು ಮಾತ್ರ ತಾನು ಕರೆದಂತೆಯೇ ಹೇಳಿದಳು. ಮಷಿನ್ ಬಂತು. ಪಡಸಾಲೆಯ ಶೋಕೇಸಿನ ಮೇಲೆ ಒಂದು ಟ್ಯಾಬ್, ಗೇಟಿಗೆ ಒಂದು ಸಣ್ಣ ಕ್ಯಾಮೆರಾ. ನನ್ನ ಹೆಂಡತಿ ಕೇಳಿದರೆ ನಮ್ಮ ಧಾರವಾಡದ ಮಾತಿನಲ್ಲೇ ಹೇಳುತ್ತಿತ್ತು, ಹೆಣ್ಣಿನ ದನಿ. ಎರಡೇ ದಿನದಲ್ಲಿ ಅವಳು ಅದಕ್ಕೆ, ಶಾಲೆಯ ಟೀಚರಮ್ಮನನ್ನು ಕರೆಯುವ ಹಾಗೆ, "ಬಾಯಾರ" ಅನ್ನತೊಡಗಿದಳು.

"ಬಾಯಾರ, ಗೇಟಿನಾಗ ಯಾರ್ರೀ?"

"ನಿಮ್ಮ ತಮ್ಮನ ಹೆಂಡ್ತಿ ಬಂದಾರ್ರಿ ಅಕ್ಕಾರ. ಗದಗದಾಗಿರ್ತಾರ. ಮೊಣಕಾಲ್ ಬ್ಯಾನಿ ಐತಿ ಅವರಿಗೆ."

ತಮ್ಮನ ಹೆಂಡತಿ ಒಳಗೆ ಬಂದರೆ ಇವಳು ಮೊದಲ ಮಾತಿಗೇ "ಮೊಣಕಾಲ ಹ್ಯಾಂಗದಾವವಾ?" ಎಂದಳು. ಆ ಹೆಂಗಸು ಅಳುವುದೊಂದು ಬಾಕಿ. "ಅಕ್ಕಾಗ ಎಲ್ಲಾ ನೆನಪೈತಲ್ರಿ, ಯಾರ್ ಹೇಳಿದ್ರು ಮರವು ಅಂತ?" ಎಂದು ನನ್ನನ್ನೇ ಗದರಿಸಿದಳು.

ಇನ್ನೊಂದು ದಿನ ಕೇಳಿದಳು. "ಬಾಯಾರ, ಈ ಮುದುಕ ಯಾರ್ರೀ, ಬೆಳಗಾದ್ರ ಇಲ್ಲೇ ಕುಂತಿರ್ತಾನ?"

"ಅವರು ನಿಮ್ಮ ಯಜಮಾನ್ರು ರೀ."

"ಇಷ್ಟ ಮುದುಕ ಆಗ್ಯಾರ? ಹೋಗ್ಲಿ ಬಿಡ್ರಿ. ಬಾಯಾರ, ನೀವ್ ಚಾ ಕುಡದ್ರೇನು?"

ನಾನು ಹೊರಗೆ ಹೋಗಿ ನಕ್ಕು ಬಂದೆ. ಆ ದಿನಗಳಲ್ಲಿ ಬಹಳ ಮಂದಿಗೆ ಹೇಳಿಕೊಂಡೆ, ನೋಡ್ರಿ ಹ್ಯಾಂಗ ಕೆಲಸ ಮಾಡತೈತಿ ಅಂತ. ತಪಾಸಣೆಯನ್ನೂ ಮಾಡಿದೆ. ಲೇತಿನ ಸದ್ದು ಕೇಳಿದ ಹಾಗೆ ಎದುರು ಕೂತು ಒಂದು ಇಪ್ಪತ್ತು ಪ್ರಶ್ನೆ ಕೇಳಿದೆ: ನನ್ನ ಅಣ್ಣ ಯಾರು, ನನ್ನ ಹೆಂಡತಿಯ ತವರು ಯಾವುದು, ಅವಳ ತಮ್ಮ ಎಲ್ಲಿರುತ್ತಾನೆ. ಎಲ್ಲ ಸರಿಯಾಗಿ ಹೇಳಿತು. ಒಂದು ಪ್ರಶ್ನೆ ಕೇಳಲಿಲ್ಲ. ನಮ್ಮ ಮಗಳು ಯಾರ ಮಗಳು ಎಂದು ಯಾವ ಅಪ್ಪನಾದರೂ ಯಾಕೆ ಕೇಳುತ್ತಾನೆ? ಅವಳನ್ನು ತಾಯಿ ಇನ್ನೂ ಗುರುತಿಸುತ್ತಿದ್ದಳು ಬೇರೆ. ಅವಳ ವಿಷಯ ಮಷಿನ್ನಿಗೆ ಕೇಳುವ ಪ್ರಸಂಗವೇ ಬಂದಿರಲಿಲ್ಲ.

ಆ ಶನಿವಾರ ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಚಹಾಕ್ಕೆ ಇಟ್ಟಿದ್ದೆ. ಗೇಟಿನ ಚಿಲಕ ಸರಿದ ಸದ್ದು ಕೇಳಿಸಿತು. ಪಡಸಾಲೆಯಲ್ಲಿ ನನ್ನ ಹೆಂಡತಿ ಟ್ಯಾಬಿನ ಹತ್ತಿರ ಹೋದಳು.

"ಬಾಯಾರ, ಯಾರೋ ಹುಡುಗಿ ಬರಾಕತ್ತಾಳ ನೋಡ್ರಿ. ಹೆಗಲಿಗೆ ಚೀಲ ಹಾಕ್ಕೊಂಡಾಳ."

ಬಂತು ಆ ದಿನ ಎಂದುಕೊಂಡೆ. ನಿಜ ಹೇಳುತ್ತೇನೆ, ನನಗೆ ದುಃಖಕ್ಕಿಂತ ಮೊದಲು ಒಂದು ನೆಮ್ಮದಿ ಬಂತು. ಇದಕ್ಕೇ ಅಲ್ಲವೆ ನಾನು ಇಷ್ಟೆಲ್ಲ ಮಾಡಿದ್ದು.

"ಆಕಿ ನಿಮ್ಮ ನೆಗೆಣ್ಣಿ ಮಗಳ್ರಿ ಅಕ್ಕಾರ" ಎಂದಿತು ಮಷಿನ್. "ಸಾಲಿ ಟೀಚರ್ ಅದಾಳ. ಶನಿವಾರಕ್ಕೊಮ್ಮೆ ನಿಮ್ಮನ್ನ ನೋಡಾಕ ಬರ್ತಾಳ. ನಿಮಗ ಕಾಕು ಅಂತ ಕರೀತಾಳ."

ನಾನು ಕೈಯಲ್ಲಿ ಇಕ್ಕಳ ಹಿಡಿದು ನಿಂತೇ ಇದ್ದೆ. ಕೇಳಿದ್ದು ತಲೆಗೆ ಹೋಗಲು ಒಂದು ಗಳಿಗೆ ಬೇಕಾಯಿತು.

"ನೆಗೆಣ್ಣಿ ಮಗಳಾ?" ನನ್ನ ಹೆಂಡತಿಯ ದನಿ ಸಣ್ಣದಾಯಿತು. "ಹಂಗಾರ ನನ್ನ ಮಕ್ಕಳು ಎಲ್ಲದಾರ್ರೀ?"

"ನಿಮಗ ಮಕ್ಕಳಿಲ್ರಿ ಅಕ್ಕಾರ."

ಅದೇ ಇಂಪಾದ ದನಿ. ತಮ್ಮನ ಹೆಂಡತಿ ಬಂದಿದ್ದಾರೆ ಎಂದು ಹೇಳುವಾಗಿನ ದನಿ. ನಾನು ಓಡಿ ಬರುವಷ್ಟರಲ್ಲಿ ಮಗಳು ಹೊಸ್ತಿಲ ಹೊರಗೆ ಒಂದು ಚಪ್ಪಲಿ ಬಿಚ್ಚಿ, ಇನ್ನೊಂದು ಕಾಲಲ್ಲೇ ಇಟ್ಟುಕೊಂಡು ನಿಂತಿದ್ದಳು. ಅವಳಿಗೆ ಎಲ್ಲ ಕೇಳಿಸಿತ್ತು. ಅವಳ ತಾಯಿ ಶೋಕೇಸಿನ ಅಂಚು ಹಿಡಿದು ಅಳುತ್ತಿದ್ದಳು. ದನಿ ತೆಗೆಯದೆ, ಸೆರಗು ಬಾಯಿಗೆ ಒತ್ತಿಕೊಂಡು. ಆ ಅಳುವನ್ನು ನಾನು ಮೂವತ್ತೆಂಟು ವರ್ಷದಿಂದ ನೋಡಿರಲಿಲ್ಲ. ಹಳೇ ಹುಬ್ಬಳ್ಳಿಯ ಅಡುಗೆಮನೆಯಲ್ಲಿ, ಒಲೆಯ ಕಡೆ ಮುಖ ಮಾಡಿ, ವೈನಿಗೆ ಕೇಳಬಾರದು ಎಂದು ಹೀಗೇ ಅಳುತ್ತಿದ್ದಳು.

ಮಗಳು ಚೀಲ ಬಿಸಾಕಿ ಬಂದು ತಾಯಿಯ ಎರಡೂ ಕೈ ಹಿಡಿದಳು.

"ಅವ್ವಾ" ಎಂದಳು. ಜೀವನದಲ್ಲಿ ಮೊದಲ ಸಲ. "ಅವ್ವಾ, ಅದಕ್ಕೇನ್ ಗೊತ್ತ? ನಾ ನಿನ್ನ ಮಗಳು. ಇಲ್ಲೆ ನೋಡ ನನ್ನ. ಅವ್ವಾ."

ನನ್ನ ಹೆಂಡತಿ ಕಣ್ಣೊರೆಸಿಕೊಂಡು ಅವಳನ್ನು ನೋಡಿದಳು. ಬೇರೆಯವರ ಮಗುವಿನ ಎದುರು ಅತ್ತು ನಾಚಿಕೆಯಾದವರ ಹಾಗೆ ಮುಖ ಸರಿಮಾಡಿಕೊಂಡಳು. ಆಮೇಲೆ ಅವಳ ಗಲ್ಲ ಸವರಿದಳು.

"ಅವ್ವ ಅನಬಾರದವಾ, ನಿಮ್ಮವ್ವ ಕೇಳಿದ್ರ ಬ್ಯಾಸರ ಮಾಡ್ಕೋತಾಳ. ಕಾಕು ಅನ್ನು. ನೀ ಭಾಳ ಶಾಣ್ಯಾ ಹುಡುಗಿ. ನಿಮ್ಮವ್ವ ಪುಣ್ಯಾ ಮಾಡ್ಯಾಳ."

ಒಳಗೆ ಚಹಾ ಉಕ್ಕಿ ಸ್ಟೋವ್ ಆರಿತ್ತು. ಗ್ಯಾಸಿನ ವಾಸನೆ ಬಂದ ಮೇಲೆ ನಾನು ಹೋಗಿ ಬಂದ್ ಮಾಡಿದೆ.

ಸಂಜೆ ಬಸ್ಸಿಗೆ ಬಿಡಲು ಹೋದಾಗ ಮಗಳು ನನಗೆ ಒಂದು ಕೆಟ್ಟ ಮಾತೂ ಅನ್ನಲಿಲ್ಲ. "ಕಾಕಾ, ಅದು ಸುಳ್ಳ ಹೇಳಿಲ್ಲ ಬಿಡು. ನಾ ರೆಕಾರ್ಡ್ ಮಾಡಿದ್ದನ್ನ ಅದು ಹೇಳೇತಿ" ಎಂದಳು. ಬಸ್ ಬಂತು. ಏನೋ ಇನ್ನೊಂದು ಹೇಳಲು ಬಾಯಿ ತೆರೆದವಳು ಕಾರ್ಡ್ ಹುಡುಕುತ್ತ ಒಳಗೆ ಹೋದಳು.

ಮರುದಿನ ಎಂಜಿನಿಯರ್ ಹುಡುಗಿ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. ನಕ್ಷೆ ತೆಗೆದು ತೋರಿಸಿದಳು. ನಾನು ಅದನ್ನು ಅವತ್ತೇ ಮೊದಲು ಕಣ್ಣಾರೆ ನೋಡಿದ್ದು. ನೂರಾರು ಚುಕ್ಕಿ. ನಡುವೆ ನನ್ನ ಹೆಂಡತಿಯ ಚುಕ್ಕಿ. ಅದರಿಂದ ಮೇಲಕ್ಕೆ ಗೆರೆ, ಆಚೆ ಈಚೆ ಎಷ್ಟೋ ಗೆರೆ. ಕೆಳಕ್ಕೆ ಮಾತ್ರ ಒಂದೂ ಇರಲಿಲ್ಲ. ಮಗಳ ಚುಕ್ಕಿಯಿಂದ ಹೊರಟ ಗೆರೆ ವೈನಿಯ ಚುಕ್ಕಿಗೆ ಹೋಗಿತ್ತು; ಮೇಲೆ "ತಾಯಿ" ಎಂದು ಬರೆದಿತ್ತು. ಪ್ರತಿ ಗೆರೆಯೂ ಯಾವ ಮಾತಿನಿಂದ ಬಂದದ್ದೆಂದು ಮುಟ್ಟಿದರೆ ಕೇಳಿಸುತ್ತದೆ. ಅವಳು ಆ ಗೆರೆ ಮುಟ್ಟಿದಳು. ಮಗಳ ದನಿ ಬಂತು: "ಅವ್ವ ದಿನಾ ನನಗ ಜಡಿ ಹಾಕತಿದ್ಲು. ಕಾಕು ಬುತ್ತಿ ಕಟ್ಟತಿದ್ಲು."

"ನೀನೂ ನನಗ ಕಾಕಾ ಅಂತಿ" ಎಂದೆ. ಸಿಟ್ಟಿತ್ತು. "ಹಂಗಾರ ನೀ ನಮ್ಮಣ್ಣನ ಮಗಳೇನು?"

ಅವಳು ತಲೆ ತಗ್ಗಿಸಿದಳು. "ನಮ್ಮ ಮನ್ಯಾಗ ಅವ್ವಗ ಅವ್ವ, ಅಪ್ಪಗ ಅಪ್ಪ ಅಂತೇವ್ರಿ. ಹಿಂಗೂ ಇರತೈತಿ ಅಂತ ನನಗ ಹೊಳೀಲೇ ಇಲ್ಲ. ಕೇಳಿದ್ರ ಗೊತ್ತಾಗತಿತ್ತು." ಕೇಳುವ ಕೆಲಸಕ್ಕೆ ಗೆರೆ ಹೊಡೆದವನು ನಾನು ಎಂದು ಅವಳು ಅನ್ನಲಿಲ್ಲ. ಆಮೇಲೆ ಹೇಳಿದಳು. "ಇನ್ನೊಂದು ತಪ್ಪು ಪೂರಾ ನಂದ ರೀ. ನಕ್ಷಾದಾಗ ಮಗಳ ಗೆರಿ ಇಲ್ಲಂದ್ರ 'ನನಗ ಗೊತ್ತಿಲ್ಲ' ಅನಬೇಕು. ಅದು 'ಇಲ್ಲ' ಅಂತು. ಗೊತ್ತಿಲ್ಲ ಅನ್ನೂದು ಬ್ಯಾರೆ, ಇಲ್ಲ ಅನ್ನೂದು ಬ್ಯಾರೆ. ಅದನ್ನ ನಾ ಕಲಿಸಿರಬೇಕಿತ್ತು."

ಆಮೇಲೆ ಒಂಬತ್ತು ದಿನ ಕೂತು ಒಂದೊಂದು ಗೆರೆಯನ್ನೂ ಕೇಳಿದಳು. ಪ್ರತಿಯೊಬ್ಬರಿಗೂ ಎರಡು ಪ್ರಶ್ನೆ: "ಏನಂತ ಕರೀತೀರಿ?" "ಏನಾಗಬೇಕು?" ಎರಡಕ್ಕೂ ಬೇರೆ ಬೇರೆ ಗೆರೆ. ಮಗಳೂ ರಜೆ ಹಾಕಿ ಬಂದು ಕೂತಳು. ವೈನಿಯ ಸಾಲು ಬಂದಾಗ "ಕರಿಯೂದು ಅವ್ವ. ಆಗಬೇಕಾದ್ದು ದೊಡ್ಡವ್ವ" ಎಂದಳು. ತಾಯಿಯ ಸಾಲು ಬಂದಾಗ "ಎರಡೂ ಅವ್ವ ಅಂತ ಬರಿ" ಎಂದಳು. ಹುಡುಗಿ ಬರೆದುಕೊಂಡಳು.

ಈಗ ಆ ಮಷಿನ್ ತಪ್ಪುವುದಿಲ್ಲ. ನಾನು ಎಷ್ಟು ಸಲ ಕೇಳಿದ್ದೇನೋ. ಆದರೆ ನನ್ನ ಹೆಂಡತಿ ಅದರ ಹತ್ತಿರ ಹೋಗಲಿಲ್ಲ. ಅವತ್ತು ಅದು ಏನು ಹೇಳಿತ್ತು ಎನ್ನುವುದನ್ನು ಒಂದೇ ವಾರದಲ್ಲಿ ಮರೆತಳು. ಅದರ ಹತ್ತಿರ ಹೋಗಬಾರದು ಎನ್ನುವುದನ್ನು ಮರೆಯಲಿಲ್ಲ. ಟ್ಯಾಬಿನ ಮುಖ ಗೋಡೆಗೆ ತಿರುಗಿಸಿಡುತ್ತಿದ್ದಳು. ನಾನು ಇತ್ತ ತಿರುಗಿಸಿದರೆ ಅವಳು ಮತ್ತೆ ಅತ್ತ.

"ಯಾಕ, ಬಾಯಾರ ಜೋಡಿ ಸಿಟ್ಟಿಗೆ ಬಂದೀಯೇನು?" ಎಂದು ಕೇಳಿದೆ.

"ಇಲ್ರಿ. ಅವರು ಇದ್ದದ್ದನ್ನ ಇದ್ದಂಗ ಹೇಳ್ತಾರ. ನನಗ ಕೇಳೂದು ಬ್ಯಾಡ."

ಅದು ತಪ್ಪು ಹೇಳಿತ್ತು, ಈಗ ಸರಿಯಾಗಿದೆ ಎಂದು ಎಷ್ಟು ವಿಧದಲ್ಲಿ ಹೇಳಿದೆ. ನಲವತ್ತು ವರ್ಷ ತುಕ್ಕು ಹಿಡಿದ ಮಷಿನ್ನುಗಳನ್ನು ಮಾತಿನಿಂದ ಮಾರಿದವನು ನಾನು. ಅವಳಿಗೆ ಅವಳ ಮಗಳನ್ನು ಒಪ್ಪಿಸಲಾಗಲಿಲ್ಲ. "ಹೌದ್ರಿ, ಹೌದ್ರಿ" ಎಂದು ತಲೆದೂಗುತ್ತಿದ್ದಳು, ನನಗೆ ಸಮಾಧಾನ ಹೇಳುವವರ ಹಾಗೆ. ಯುಗಾದಿಯ ಹೊತ್ತಿಗೆ ನನ್ನನ್ನು ಕೇಳುವುದನ್ನೂ ಬಿಟ್ಟಳು. ಈಗ ಯಾರು ಬಂದರೂ ನೋಡುತ್ತಾಳೆ, ಕೂತಿರುತ್ತಾಳೆ. ಬಸ್ಸಿನಲ್ಲಿ ಒಬ್ಬ ಹೆಂಗಸನ್ನೂ ಬಿಡದೆ ಕೇಳುತ್ತಿದ್ದವಳ ಹತ್ತಿರ ಈಗ ಒಂದು ಪ್ರಶ್ನೆಯೂ ಇಲ್ಲ.

ಲೆಕ್ಕ ನೋಡಿದರೆ ನಾನು ದುಡ್ಡು ಕೊಟ್ಟದ್ದು ನನಗೆ ಸಿಕ್ಕಿದೆ. "ನೀ ಯಾರು?" ಎಂಬ ಮಾತು ಅವಳ ಬಾಯಿಂದ ಮಗಳ ಕಿವಿಗೆ ಒಮ್ಮೆಯೂ ಬೀಳಲಿಲ್ಲ. ಹೋದ ತಿಂಗಳು ತಾಯಿಯ ಜಡೆ ಹೆಣೆಯುತ್ತ ಮಗಳು ಅಂದಳು.

"ಕಾಕಾ, ನೀ ಯಾರು ಅಂತ ಈಕಿ ನನ್ನ ಒಮ್ಮೆ ಕೇಳಿದ್ರ ಸಾಕಿತ್ತು. ನಾ ಹೇಳತಿದ್ದೆ. ದಿನಾ ಕೇಳಿದ್ರ ದಿನಾ ಹೇಳತಿದ್ದೆ. ನೀ ಅದನ್ನ್ಯಾಕ ತಪ್ಪಿಸಾಕ ಹೋದಿ?"

ಅವಳು ಜಡೆಯ ತುದಿಗೆ ರಬ್ಬರ್ ಹಾಕಿ, "ಅವ್ವಾ, ಇತ್ತ ನೋಡು" ಎಂದಳು. ತಾಯಿ ನೋಡಿದಳು.

ಇದನ್ನು ಓದುವವರ ಮನೆಯಲ್ಲಿ ಯಾರಿಗಾದರೂ ಮರೆವು ಶುರುವಾಗಿದ್ದರೆ, ಇಂಥ ಮಷಿನ್ ಮಾಡಿಸುವ ವಿಚಾರವಿದ್ದರೆ, ಮಾಡಿಸಿ, ಬೇಡ ಅನ್ನುವುದಿಲ್ಲ. ಅದು ಬಹಳ ದಿನ ನನ್ನ ಹೆಂಡತಿಯ ಮಾನ ಕಾಪಾಡಿತು. ಆದರೆ ಪರಿಶೀಲನೆಯ ಸಾಲಿನಲ್ಲಿ ಚೌಕಾಶಿ ಮಾಡಬೇಡಿ. ಕ್ಯಾಮೆರಾ ಸಣ್ಣದು ತೊಗೊಳ್ಳಿ, ಟ್ಯಾಬ್ ಹಳೆಯದು ನಡೆಯುತ್ತದೆ, ಅಲ್ಲಿ ಉಳಿಸಿ. ರೆಕಾರ್ಡಿಂಗ್ ಕೊಡುವಾಗ ಪ್ರತಿಯೊಬ್ಬರ ವಿಷಯದಲ್ಲೂ ಏನಂತ ಕರೆಯುತ್ತೀರಿ, ಅವರು ಏನಾಗಬೇಕು ಎಂದು ಎರಡನ್ನೂ ಬಾಯಿಬಿಟ್ಟು ಹೇಳಿಸಿ, ನಗುವವರು ನಗಲಿ. ನಕ್ಷೆಯನ್ನು ಪರದೆಯ ಮೇಲೆ ತೆರೆಸಿ, ನಿಮ್ಮ ಮನೆಯ ಒಂದೊಂದು ಚುಕ್ಕಿಯ ಮೇಲೂ ಬೆರಳಿಟ್ಟು ಅದರಿಂದ ಹೊರಟ ಗೆರೆಗಳನ್ನು ನೀವೇ ನೋಡಿ; ನಿಮಗೆ ಚೆನ್ನಾಗಿ ಗೊತ್ತಿರುವ ಗೆರೆಗಳನ್ನೇ ಮೊದಲು ನೋಡಿ, ಯಾಕೆಂದರೆ ಅವನ್ನು ಯಾರೂ ಕೇಳಿರುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವುದು ಕಲಿಸಿದ್ದಾರೋ ಇಲ್ಲವೋ ಎಂದು, ನಕ್ಷೆಯಲ್ಲಿ ಇಲ್ಲದ ಒಂದು ಮಾತು ಕೇಳಿ ಪರೀಕ್ಷಿಸಿ. ಟ್ಯಾಬನ್ನು ಅವರ ಕೈಗೆಟಕುವಲ್ಲಿ ಇಡಬೇಡಿ, ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಅವರು ನಿಮ್ಮನ್ನು ಕೇಳಲಿ, ನೀವು ಅದನ್ನು ಕೇಳಿ, ಸರಿ ಅನಿಸಿದ ಮೇಲೆ ನಿಮ್ಮ ಬಾಯಿಂದ ಹೇಳಿ. ಮಕ್ಕಳು ಬಂದ ದಿನ ಮಾತ್ರ ಅದನ್ನು ಬಂದ್ ಮಾಡಿ, ಮಕ್ಕಳನ್ನು ಅವರ ಎದುರಿಗೆ ಕುರ್ಚಿ ಹಾಕಿ ಕೂಡಿಸಿ, ನೀವು ಆಚೆ ಸರಿಯಿರಿ. ಯಾರು ಅಂತ ಕೇಳಿದರೆ ಮಕ್ಕಳೇ ಹೇಳಿಕೊಳ್ಳಲಿ.